ಲಘು ಗೂಢಲಿಪಿಗಳೂ ತುಲನೆಯ ನ್ಯಾಯವೂ

ಲಘು ಎಂಬ ಶಬ್ದಕ್ಕೆ ಹಗುರವಾದುದು, ಚಿಕ್ಕದು, ಶೀಘ್ರವಾದುದು ಎಂದು ಹಲವು ಅರ್ಥಗಳುಂಟು. ಇವೆಲ್ಲವೂ ಒಂದೇ ವಸ್ತುವಿನಲ್ಲಿ ಸದಾ ಕೂಡಿರಬೇಕೆಂಬ ನಿಯಮವಿಲ್ಲ. ಇಂದು ‘ಲಘು ಗೂಢಲಿಪಿ’ಗಳೆಂದು ಹೆಸರಾದ ಕ್ರಮವಿಧಿಗಳನ್ನು ಹೋಲಿಸುವಲ್ಲಿ ಈ ಭೇದವನ್ನು ಮರೆತರೆ ತೀರ್ಮಾನವು ದಾರಿ ತಪ್ಪುವುದು.

ಪ್ರಯಾಣದ ಕಾರ್ಡು, ಬಾಗಿಲು ತೆರೆಯುವ ಬಿಲ್ಲೆ, ರೋಗಿಯ ದೇಹದಲ್ಲಿರಿಸುವ ಸಾಧನ ಮೊದಲಾದವುಗಳೊಳಗಿನ ಚಿಪ್ಪು ಅತಿ ಚಿಕ್ಕದು. ಅದಕ್ಕೆ ದೊರೆಯುವ ವಿದ್ಯುತ್ತೂ ಅತ್ಯಲ್ಪ. ಆದರೂ ಅದು ಗುಟ್ಟನ್ನು ಕಾಯಬೇಕು. ಇಂತಹ ಚಿಪ್ಪಿನಲ್ಲಿ ಗೂಢಲಿಪಿಯು ಆಕ್ರಮಿಸುವ ಸ್ಥಳವನ್ನು ‘ಗೇಟು’ಗಳಲ್ಲಿ ಅಳೆಯುತ್ತಾರೆ. ಎರಡು ಪ್ರವೇಶಗಳುಳ್ಳ ಒಂದು ನ್ಯಾಂಡ್ ಗೇಟಿನ ವಿಸ್ತಾರವೇ ಇಲ್ಲಿ ಮಾನ. ಕಾಲವನ್ನು ಚಿಪ್ಪಿನ ಗಡಿಯಾರದ ಬಡಿತಗಳಲ್ಲಿ ಎಣಿಸುತ್ತಾರೆ.

2007ರಲ್ಲಿ ಪ್ರಕಟವಾದ ಪ್ರೆಸೆಂಟ್ ಎಂಬ ಗೂಢಲಿಪಿಗೆ ಸುಮಾರು 1570 ಗೇಟುಗಳೂ 32 ಬಡಿತಗಳೂ ಸಾಕಾದವು. 2005ರ ಒಂದು ಎಇಎಸ್ ಚಿಪ್ಪಿಗಾದರೋ 3400 ಗೇಟುಗಳೂ 1032 ಬಡಿತಗಳೂ ಬೇಕಾಗಿದ್ದವು. ಮೇಲ್ನೋಟಕ್ಕೆ ಗೆಲವು ಪ್ರೆಸೆಂಟಿನದೇ. ಆದರೆ ಎಇಎಸ್ ಚಿಪ್ಪು 0.35 ಮೈಕ್ರಾನಿನದು, ಗೂಢೀಕರಿಸುವುದನ್ನೂ ಬಿಡಿಸುವುದನ್ನೂ ಎರಡನ್ನೂ ಬಲ್ಲದು. ಪ್ರೆಸೆಂಟಿನದು 0.18 ಮೈಕ್ರಾನಿನದು, ಗೂಢೀಕರಿಸುವುದನ್ನಷ್ಟೇ ಬಲ್ಲದು. ಒಂದರ ಖಂಡ 128 ಬಿಟ್, ಇನ್ನೊಂದರದು 64. ಬೇರೆ ಬೇರೆ ಪ್ರಶ್ನಪತ್ರಿಕೆಗಳಿಗೆ ಉತ್ತರಿಸಿದ ಇಬ್ಬರು ವಿದ್ಯಾರ್ಥಿಗಳ ಅಂಕಗಳನ್ನು ಯಾವ ಉಪಾಧ್ಯಾಯನು ತಾನೇ ನೇರವಾಗಿ ಹೋಲಿಸುವನು?

ಮುಂದಿನ ಕಥೆ ಇನ್ನೂ ಬೋಧಪ್ರದವಾಗಿದೆ. 2008ರಲ್ಲಿ ಅದೇ ಪ್ರೆಸೆಂಟನ್ನು 1075 ಗೇಟುಗಳಿಗೆ ಇಳಿಸಿದರು. ಬಡಿತಗಳು 563ಕ್ಕೆ ಏರಿದವು. 2011ರಲ್ಲಿ ಎಇಎಸ್ 2400 ಗೇಟುಗಳಿಗೂ 226 ಬಡಿತಗಳಿಗೂ ಇಳಿಯಿತು. ಇವೆರಡೂ 0.18 ಮೈಕ್ರಾನಿನವೇ. ಒಂದೊಂದು ಬಿಟ್ಟಿಗೆ ಎಣಿಸಿದರೆ ಎಇಎಸ್ ಐದು ಪಟ್ಟು ವೇಗದ್ದು. ಸ್ಥಳವನ್ನು ಎಣಿಸಿದರೆ ಪ್ರೆಸೆಂಟ್ ಅರ್ಧಕ್ಕಿಂತ ಚಿಕ್ಕದು. ಎರಡು ಮಾತುಗಳೂ ಸತ್ಯ. ಒಂದನ್ನೇ ಹೇಳಿದರೆ ಅರ್ಧಸತ್ಯ.

ಈ ಕಿರಿದುತನ ಬಂದುದಾದರೂ ಎಲ್ಲಿಂದ? ಪ್ರೆಸೆಂಟಿನ 1570 ಗೇಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು 64 ಬಿಟ್ಟುಗಳ ಖಂಡವನ್ನೂ 80 ಬಿಟ್ಟುಗಳ ಕೀಲಿಯನ್ನೂ ಇರಿಸಿಕೊಳ್ಳುವುದಕ್ಕೇ ವ್ಯಯವಾಗಿದೆ. ಆದುದರಿಂದ ಉಳಿತಾಯದ ಗಣನೀಯ ಪಾಲು ಖಂಡವನ್ನೂ ಕೀಲಿಯನ್ನೂ ಕಿರಿದುಗೊಳಿಸಿದುದರ ಫಲ. ಕೀಲಿಯನ್ನು ಎಲ್ಲೆಮೀರಿ ಕಿರಿದುಗೊಳಿಸಿದರೆ ಏನಾಗುವುದೆಂಬುದಕ್ಕೆ ಮೈಫೇರ್ ಕ್ಲಾಸಿಕ್ ಕಾರ್ಡುಗಳ ಕ್ರಿಪ್ಟೊ-1 ಸಾಕ್ಷಿ. ಅದರ ಕೀಲಿ ಕೇವಲ 48 ಬಿಟ್ಟುಗಳದು. ಅದರ ರಚನೆಯನ್ನೂ ಗುಟ್ಟಾಗಿಯೇ ಇಡಲಾಗಿತ್ತು. 2008ರಲ್ಲಿ ನೆದರ್ಲೆಂಡ್ಸಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಭೇದಿಸಿ ತೋರಿಸಿದರು. ಅಗ್ಗದ ಬೀಗದ ಬೆಲೆಯನ್ನು ಕೊನೆಗೆ ತೆರುವವನು ಬೀಗ ಮಾಡಿದವನಲ್ಲ, ಅದನ್ನು ನಂಬಿದವನು.

ಇದಕ್ಕಿಂತ ಮೇಲಾದ ಮಾರ್ಗವೂ ಉಂಟು. ಅಮೆರಿಕದ ಮಾನಕ ಸಂಸ್ಥೆಯು ಬಹಿರಂಗವಾಗಿ ಆಹ್ವಾನವಿತ್ತಾಗ 2019ರಲ್ಲಿ 57 ರಚನೆಗಳು ಬಂದವು. ವರ್ಷಗಳ ಕಾಲ ವಿದ್ವಾಂಸರು ಅವುಗಳ ದೌರ್ಬಲ್ಯಗಳನ್ನು ಅರಸಿದರು. ಬಗೆಬಗೆಯ ಯಂತ್ರಾಂಶಗಳಲ್ಲಿ ಅವುಗಳನ್ನು ಅಳೆದರು. 2021ರಲ್ಲಿ ಹತ್ತು ಉಳಿದವು. 2023ರಲ್ಲಿ ಅಸ್ಕಾನ್ ಆಯ್ಕೆಯಾಯಿತು. 2025ರಲ್ಲಿ ಅದು ಮಾನಕವಾಗಿ ಪ್ರಕಟವಾಯಿತು. ಅಲ್ಲಿ ಭದ್ರತೆಯೇ ಮೊದಲಿನ ಒರೆಗಲ್ಲಾಗಿತ್ತು. ಸ್ಥಳ, ವೇಗ, ಶಕ್ತಿಗಳ ಲೆಕ್ಕ ಅನಂತರದ್ದು.

ಅಂಕಿಗಳು ತಾವಾಗಿ ಸುಳ್ಳಾಡಲಾರವು. ಆದರೆ ಯಾವ ಮಾನದಿಂದ, ಯಾವ ಸಂದರ್ಭದಲ್ಲಿ ಅಳೆದುದೆಂದು ಕೇಳದವನಿಗೆ ಅವು ಸತ್ಯವನ್ನೂ ನುಡಿಯಲಾರವು. ಈ ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ವಿದ್ಯಾರ್ಥಿಯಲ್ಲಿ ಬೆಳೆಸುವುದು ಗಣಿತವನ್ನು ಕಲಿಸಿದಷ್ಟೇ ಮುಖ್ಯವಾದ ಕಾರ್ಯ.