ಸದ್ದು ಜಾಸ್ತಿ ಆದರೆ ಶಕ್ತಿ ಜಾಸ್ತಿ ಆಯಿತೇ?

ಹಳೆ ಕಾರಿನ ಇಂಜಿನ್ನಿಗೆ ಕೈ ಹಾಕಲೇಬಾರದು ಅಂತ ನಾನು ಹೇಳೋನಲ್ಲ. ಕೋಯಮತ್ತೂರು ಸೀಮೆಯಲ್ಲಿದ್ದು ಹಾಗೆ ಹೇಳಿದರೆ ನಗೆಪಾಟಲು. ಶಾಲೆ ಬಿಟ್ಟ ಜಿ.ಡಿ. ನಾಯ್ಡು ಅವರು ಮೋಟರ್ ಸೈಕಲ್ಲು ಬಿಚ್ಚಿ ಜೋಡಿಸಿಯೇ ವಿದ್ಯೆ ಕಲಿತರು. ಕರಿವರ್ಧನ್ ಅವರು ಮಾರುತಿ 800ರ ಮೂರು ಸಿಲಿಂಡರಿನ ಇಂಜಿನ್ನು ಇಟ್ಟು, ಒಬ್ಬರೇ ಕೂರುವ ರೇಸ್ ಕಾರು ಮಾಡಿದರು. ಅವರ ಹೆಸರಿನ ರೇಸ್ ಮೈದಾನ 2003ರಲ್ಲಿ ಚೆಟ್ಟಿಪಾಳ್ಯದಲ್ಲಿ ಶುರುವಾಯಿತು.

ನನ್ನ ಜಗಳ ಬೇರೆ. ಈಗಿನ ಹುಡುಗರು ಹಳೆ ಹೋಂಡಾ ಸಿಟಿ ವಿಟೆಕ್, ಪಾಲಿಯೋ 1.6 ಇಂಥ ಸುಮಾರು 100 ಕುದುರೆಶಕ್ತಿಯ ಕಾರು ತರ್ತಾರೆ. ತಂದವರು ಮೊದಲು ಮಾಡೋ ಕೆಲಸ ಏನು? ಕಂಪನಿ ಇಟ್ಟ ಏರ್ ಫಿಲ್ಟರ್ ಡಬ್ಬ ಕಿತ್ತು ಬಿಸಾಡಿ, ಕೋನ್ ಆಕಾರದ ಬಣ್ಣದ ಫಿಲ್ಟರ್ ಬಿಗಿಯೋದು. ಗುರ್ ಅಂತ ಸದ್ದು ಬರುತ್ತೆ. ಶಕ್ತಿ ಬಂತು ಅಂತ ಕುಣೀತಾರೆ.

ಎಲ್ಲಿಂದ ಬರಬೇಕಪ್ಪ ಶಕ್ತಿ? ಪೆಟ್ರೋಲ್ ಒಂದು ಪಾಲು ಉರಿಯೋಕೆ ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಗಾಳಿ ಕಾದರೆ ತೆಳುವಾಗುತ್ತೆ. 30 ಡಿಗ್ರಿಯ ಗಾಳಿ 60 ಡಿಗ್ರಿಗೆ ಏರಿದರೆ, ಅಷ್ಟೇ ಜಾಗದಲ್ಲಿ ತೂಕ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಕಂಪನಿಯೋರು ಡಬ್ಬ ಇಟ್ಟು, ಕೊಳವೆಯನ್ನು ಮುಂದಕ್ಕೆ ಚಾಚಿದ್ದು ಹೊರಗಿನ ತಣ್ಣನೆ ಗಾಳಿಗಾಗಿ. ಅದನ್ನು ಕಿತ್ತರೆ ಇಂಜಿನ್ನು ತನ್ನ ಬಿಸಿಯನ್ನೇ ತಾನು ಉಸಿರಾಡುತ್ತೆ. ಕಲ್ಲಾರು ದಾಟಿ ಕೂನೂರು ಘಟ್ಟ ಹತ್ತೋವಾಗ ಕಾರು ನಿಧಾನ, ಮುಂದಿನ ಗಾಳಿ ಕಮ್ಮಿ, ಬಾನೆಟ್ಟಿನ ಒಳಗೆ ಒಲೆ. ಹಾಡೋರನ್ನು ಕೇಳಿ. ಗಂಟಲು ಹರಿಯೋ ಹಾಗೆ ಕೂಗಿದರೆ ಪದ ಆಗಲ್ಲ, ಉಸಿರು ಬೇಕು.

ಇನ್ನು ವೈರು. ಬಾನೆಟ್ಟಿನ ಒಳಗೆ ಅಂದ ಕಾಣಲಿ ಅಂತ ವೈರುಗಳನ್ನು ಕತ್ತರಿಸಿ, ಎಳೆದು, ಟೇಪು ಸುತ್ತಿ ಮರೆಮಾಡ್ತಾರೆ. ದೊಡ್ಡ ಹಾರನ್ನಿಗೆ, ಲೈಟಿಗೆ ಫ್ಯೂಸೇ ಇಲ್ಲದೆ ಬ್ಯಾಟರಿಯಿಂದ ನೇರ ಎಳೀತಾರೆ. ಬಾವಿ ಮೋಟರಿನ ಫ್ಯೂಸಿಗೆ ದಪ್ಪ ತಂತಿ ಹಾಕಿದರೆ ಮೋಟರೇ ಸುಟ್ಟು ಹೋಗುತ್ತೆ ಅನ್ನೋದು ನಮ್ಮ ರೈತರಿಗೆಲ್ಲ ಗೊತ್ತು. ಕಾರಿನಲ್ಲಿ ಪಕ್ಕದಲ್ಲೇ ಪೆಟ್ರೋಲ್ ಕೊಳವೆ ಬೇರೆ ಐತೆ. ಬೆಂಕಿ ಬಿದ್ದರೆ ಅಂದ ಯಾರು ನೋಡ್ತಾರೆ?

ಕಾನೂನೂ ಸುಮ್ಮನಿಲ್ಲ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸಬಾರದು ಅಂತ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಹೇಳುತ್ತೆ. 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅವಘಡ ಆದರೆ ವಿಮೆಯೋರು ಮೊದಲು ನೋಡೋದೂ ಇದನ್ನೇ. ಆಗ ದುಡ್ಡು ಕಟ್ಟೋನು ಮಗ ಅಲ್ಲ, ಹೊಲ ಅಡವಿಟ್ಟ ಅಪ್ಪ.

“ಇಂಜಿನ್ ಮುಟ್ಟಿದೋನು ಕೆಟ್ಟ” ಅನ್ನೋ ಹಿರಿಯರನ್ನೂ ನಾನು ಒಪ್ಪಲ್ಲ. ಬೈದರೆ ಹುಡುಗ ಕದ್ದು ಮಾಡ್ತಾನೆ. ಮೇಷ್ಟ್ರೇ, ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ಗಾಳಿ, ಶಾಖ, ಕರೆಂಟು ಮೂರೂ ಐತೆ. ಒಂದು ದಿನ ಶಾಲೆ ಮುಂದೆ ಒಂದು ಕಾರು ನಿಲ್ಲಿಸಿ, ಬಾನೆಟ್ ಎತ್ತಿ ಆ ಪಾಠ ಮಾಡಿ. ಹುಡುಗರೇ, ವೇಗ ಬೇಕಾದರೆ ಚೆಟ್ಟಿಪಾಳ್ಯಕ್ಕೆ ಹೋಗಿ, ರೇಸ್ ಕಾರು ಕಟ್ಟೋರ ಹತ್ರ ಕಲೀರಿ. ರಸ್ತೆ ಕಾರಿಗೆ ಹಳೆ ಹೋಸು ಬದಲಿಸಿ, ರೇಡಿಯೇಟರ್ ತೊಳೆಸಿ, ಬೆಲ್ಟು ಹೊಸದು ಹಾಕಿ. ಸದ್ದು ಬರಲ್ಲ, ನಿಜ. ಕಾರು ಘಟ್ಟ ಹತ್ತುತ್ತೆ, ನೀವೂ ಮನೆಗೆ ಬರ್ತೀರಿ.