ಮೊಣಕಾಲು ನೋವಿದ್ದರೆ ಓಟ ಬಿಡಬೇಕೇ?

ಮೊಣಕಾಲು ನೋಯುತ್ತದೆ ಅಂದರೆ ಸಾಕು, ಊರಿಂದ ಉಮ್ಮನ ಮಾತು ಒಂದೇ: "ಆ ಓಟ ಒಂದು ಬಿಡು ಮೋನೆ." ಗಲ್ಫಿನಲ್ಲಿರುವ ನಮ್ಮ ಹುಡುಗರಿಗೂ ಸಿಗುವ ಸಲಹೆ ಇದೇ. ನಾನಿದನ್ನು ಒಪ್ಪುವುದಿಲ್ಲ.

ಸೇಲಂಗೆ ಬಂದು ಎಂಟು ವರ್ಷವಾಯಿತು. ಕೆಲಸಕ್ಕಾಗಿ ವಾರಕ್ಕೆರಡು ಸಲ ಬಸ್ಸಲ್ಲಿ ಧರ್ಮಪುರಿಗೆ ಹೋಗುತ್ತೇನೆ. ನನ್ನ ಮೊಣಕಾಲು ಹೆಚ್ಚು ನೋಯುವುದು ಓಡಿದ ದಿನವಲ್ಲ, ಕಾಲು ಮಡಚಿ ಕುಳಿತು ತೊಪ್ಪೂರು ಘಾಟಿ ದಾಟಿದ ದಿನ. ಮೊಣಕಾಲ ಚಿಪ್ಪಿಗೆ ಆಸರೆ ತೊಡೆಯ ಸ್ನಾಯು. ಓಟ ಬಿಟ್ಟು ಬಿರಿಯಾನಿ ಮಾತ್ರ ಬಿಡದಿದ್ದರೆ ಸ್ನಾಯು ಸೊರಗುತ್ತದೆ, ಹೊಟ್ಟೆ ಬರುತ್ತದೆ, ಆ ಭಾರವೂ ಅದೇ ಮೊಣಕಾಲಿಗೆ. ಸುಜೂದ್ ಮಾಡಲಾಗದೆ ಮಸೀದಿಯಲ್ಲಿ ಕುರ್ಚಿ ಹಿಡಿದವರಲ್ಲಿ ಓಡುತ್ತಿದ್ದವರು ಎಷ್ಟು ಮಂದಿ, ನೀವೇ ನೋಡಿ. ಹಲವು ಅಧ್ಯಯನಗಳನ್ನು ಸೇರಿಸಿ 2017ರಲ್ಲಿ ಲೆಕ್ಕ ಹಾಕಿದಾಗ, ಸೊಂಟ ಮತ್ತು ಮೊಣಕಾಲಿನ ಸವೆತ ಹವ್ಯಾಸಕ್ಕೆ ಓಡುವವರಲ್ಲಿ ಶೇ. 3.5, ಓಡದವರಲ್ಲಿ ಶೇ. 10.2 ಇತ್ತು. ಸ್ಪರ್ಧೆಗೆ ಓಡುವವರಲ್ಲಿ ಮಾತ್ರ ಶೇ. 13.3. ಹಾಗಾಗಿ ಮ್ಯಾರಥಾನ್ ಹುಚ್ಚು ಬೇಡ.

ಇಲ್ಲಿಂದ ಯೇರ್ಕಾಡಿಗೆ 20 ಹೇರ್‌ಪಿನ್ ತಿರುವು. ನಾನು ಸ್ವಲ್ಪ ಓಡಿ, ಸ್ವಲ್ಪ ನಡೆದು ಹತ್ತುತ್ತೇನೆ, ಬಸ್ಸಲ್ಲಿ ಇಳಿಯುತ್ತೇನೆ. ಚಿಪ್ಪಿಗೆ ಹೊಡೆತ ಬೀಳುವುದು ಇಳಿಜಾರಿನಲ್ಲೇ ಹೆಚ್ಚು. ದುಬೈ, ದಮ್ಮಾಮಿನಲ್ಲಿದ್ದವರು ಬಿಲ್ಡಿಂಗಿನ ಮೆಟ್ಟಿಲು ಹತ್ತಿ, ಲಿಫ್ಟಲ್ಲಿ ಇಳಿಯಬಹುದು.

ಮೊಣಕಾಲು ಊದಿಕೊಂಡರೆ, ಮಡಚುವಾಗ ಸಿಕ್ಕಿಹಾಕಿಕೊಂಡಂತಾದರೆ ಓಟ ನಿಲ್ಲಿಸಿ, ಇದ್ದಲ್ಲೇ ಡಾಕ್ಟರಿಗೆ ತೋರಿಸಿ. ರಜೆಗೆ ಊರಿಗೆ ಹೋದಾಗ ನೋಡೋಣ ಎಂದು ಎರಡು ವರ್ಷ ನೋವು ನುಂಗುತ್ತಾ ಕೂರಬೇಡಿ.