ಇಂಡಕ್ಷನ್ ಒಲೆ ತರೋ ಮುಂಚೆ ಕರೆಂಟ್ ಬಿಲ್ಲು ತೆಗೆದು ನೋಡಿ



ಈ ಸಲ ಬೆಳೆ ಬಗ್ಗೆ ಅಲ್ಲ, ಒಲೆ ಬಗ್ಗೆ ಬರೀತಿದ್ದೀನಿ. ನಮ್ಮ ಕೆಂಗೇರಿ, ರಾಮೋಹಳ್ಳಿ ಕಡೆ ಎರಡು ಮೂರು ತಿಂಗಳಿಂದ ಡೇರಿಗೆ ಹಾಲು ಹಾಕೋಕೆ ಬಂದವರೆಲ್ಲ ಇದೇ ಮಾತಾಡ್ತಿದ್ದಾರೆ. "ಕರೆಂಟ್ ಹೇಗೂ ಫ್ರೀ, ಗ್ಯಾಸಿಗೆ ಯಾಕೆ ದುಡ್ಡು ಸುರೀಬೇಕು, ಒಂದು ಇಂಡಕ್ಷನ್ ತಂದಿಟ್ರೆ ಆಯ್ತು" ಅಂತ. ಕೆಲವರು ತಂದೂ ಆಗಿದೆ. ಇನ್ನು ಕೆಲವರು ನನ್ನನ್ನೇ ಕೇಳಿದ್ರು, ಅದಕ್ಕೆ ಈ ಬರಹ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ತರೋದಾದ್ರೆ ಎರಡನೇ ಒಲೆ ಅಂತ ತನ್ನಿ. ಗ್ಯಾಸ್ ಬಿಡಬೇಡಿ. ತೋಟದ ಮನೆಯ ಪಂಪ್‌ಸೆಟ್ ಲೈನಿಗಂತೂ ಹಾಕ್ಲೇಬೇಡಿ. ಯಾಕೆ ಅನ್ನೋದು ಕೆಳಗಿದೆ, ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆಯಿಂದ ಓದಿ.

ಮೊದಲು ಈ "ಫ್ರೀ" ಅನ್ನೋ ಮಾತು. 2023ರಲ್ಲಿ ಗೃಹಜ್ಯೋತಿ ಬಂದಾಗ ಎಲ್ಲರ ತಲೇಲೂ 200 ಯೂನಿಟ್ ಅಂತ ಕೂತುಬಿಡ್ತು. ಯೋಜನೆ ಇರೋದು ಹಾಗಲ್ಲ. 2022-23ನೇ ಸಾಲಿನಲ್ಲಿ ನಿಮ್ಮ ಮನೇಲಿ ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ರೋ ಅದರ ಮೇಲೆ ಶೇಕಡಾ 10 ಸೇರಿಸಿ ಅಷ್ಟು ಮಾತ್ರ ಪುಕ್ಕಟೆ. ನಮ್ಮ ಮನೆ ಸರಾಸರಿ 72 ಇತ್ತು, ಹಾಗಾಗಿ ನಮಗೆ 79 ಯೂನಿಟ್. ಸರಾಸರಿ 48ಕ್ಕಿಂತ ಕಡಿಮೆ ಇದ್ದ ಮನೆಗಳಿಗೆ ಶೇಕಡಾ ಲೆಕ್ಕ ಬಿಟ್ಟು ನೇರವಾಗಿ 10 ಯೂನಿಟ್ ಸೇರಿಸಿದ್ರು. ಈ ಅರ್ಹತೆ ದಾಟಿ 200ರ ಒಳಗಿದ್ರೆ ಮೇಲಿನ ಯೂನಿಟ್‌ಗೆ ನೀವು ಕಟ್ಟಬೇಕು. 200 ದಾಟಿದ್ರೋ, ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ, ಮೊದಲನೇ ಯೂನಿಟ್‌ನಿಂದ. ಇಂಡಕ್ಷನ್ ತರೋರು ಎಡವೋ ಕಲ್ಲು ಇದೇ.

ಈಗ ಲೆಕ್ಕಕ್ಕೆ ಬನ್ನಿ. ನಾನು ಓದಿರೋದು ಎಸ್ಸೆಸ್ಸೆಲ್ಸಿ, ಆದ್ರೂ ಇದು ಕೂಡಿ ಕಳೆಯೋ ಲೆಕ್ಕ ಅಷ್ಟೆ. ಒಂದು ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್. ಒಂದು ಕೆಜಿ ಉರಿದರೆ ಬರೋ ಶಾಖ ಸುಮಾರು 12.7 ಯೂನಿಟ್ ಕರೆಂಟಿಗೆ ಸಮ. ಅಂದ್ರೆ ಸಿಲಿಂಡರಿಗೆ 180 ಯೂನಿಟ್. ಆದ್ರೆ ಗ್ಯಾಸ್ ಉರಿ ಪಾತ್ರೆ ಸುತ್ತ ಹೋಗಿ ಅರ್ಧಂಬರ್ಧ ಗಾಳಿಗೆ ಸೇರುತ್ತೆ. ನೂರಕ್ಕೆ 60 ಭಾಗ ಪಾತ್ರೆಗೆ ಬಂತು ಅಂತಿಟ್ಕೊಂಡ್ರೆ 108 ಯೂನಿಟ್. ಇಂಡಕ್ಷನ್‌ನಲ್ಲಿ ಪಾತ್ರೆಯ ತಳವೇ ಕಾಯೋದು, ನಡುವೆ ಉರಿ ಇಲ್ಲ, ಹಾಗಾಗಿ ನೂರಕ್ಕೆ 85ರಷ್ಟು ಅಡುಗೆಗೆ ಸೇರುತ್ತೆ. ಒಟ್ಟು ಲೆಕ್ಕ ಹಾಕಿದ್ರೆ ಒಂದು ಸಿಲಿಂಡರ್ ಮಾಡೋ ಕೆಲಸಕ್ಕೆ ಇಂಡಕ್ಷನ್‌ಗೆ 125ರಿಂದ 130 ಯೂನಿಟ್ ಬೇಕು.

ನಮ್ಮ ಮನೇಲಿ ಐದು ಜನ, ಸಿಲಿಂಡರ್ 35 ದಿನ ಬರುತ್ತೆ. ಪೂರ್ತಿ ಅಡುಗೆ ಇಂಡಕ್ಷನ್ ಮೇಲೆ ಮಾಡಿದ್ರೆ ದಿನಕ್ಕೆ ಮೂರೂವರೆ ಯೂನಿಟ್ ಮೇಲೆ, ತಿಂಗಳಿಗೆ 110. ಈಗ ಸುಡೋದು 75. ಎರಡೂ ಸೇರಿ 185. ಪುಕ್ಕಟೆ 79 ಕಳೆದ್ರೆ 106 ಯೂನಿಟ್‌ಗೆ ದುಡ್ಡು. 2025ರ ಏಪ್ರಿಲ್‌ನಲ್ಲಿ ಮನೆ ಕರೆಂಟ್ ಯೂನಿಟ್‌ಗೆ 5 ರೂಪಾಯಿ 80 ಪೈಸೆ ಆಗಿತ್ತು, ತೆರಿಗೆ ಅದೂ ಇದೂ ಸೇರಿ 7 ರೂಪಾಯಿ ಅಂತಿಟ್ಕೊಳ್ಳಿ, 742 ಆಯ್ತು. ಗ್ಯಾಸ್ ಅದೇ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿ ಬೆಂಗಳೂರಲ್ಲಿ 855 ರೂಪಾಯಿ 50 ಪೈಸೆಗೆ ನಿಂತಿತು. 35 ದಿನಕ್ಕೆ ಅಷ್ಟು ಅಂದ್ರೆ ತಿಂಗಳಿಗೆ 733. ಉಳೀತು ಏನು? ಏನೂ ಇಲ್ಲ. ಒಂಬತ್ತು ರೂಪಾಯಿ ಕೈಯಿಂದಲೇ ಹೋಯ್ತು.

ಅದೂ ಸಾಮಾನ್ಯ ತಿಂಗಳ ಲೆಕ್ಕ. ಏಪ್ರಿಲ್ ಮೇ ತಿಂಗಳಲ್ಲಿ ಫ್ಯಾನು ರಾತ್ರಿಯಿಡೀ ತಿರುಗುತ್ತೆ, ಹಬ್ಬ, ಊರ ಜಾತ್ರೆ, ನೆಂಟರು. 185 ಇದ್ದದ್ದು 205 ಆಗೋಕೆ ಎಷ್ಟೊತ್ತು? ಆ ತಿಂಗಳು ಸಾವಿರದ ನಾಲ್ಕುನೂರು ದಾಟಿದ ಬಿಲ್ಲು, ಮೇಲೆ ನಿಗದಿತ ಶುಲ್ಕ. ಐದು ಯೂನಿಟ್ ಹೆಚ್ಚಾಗಿದ್ದಕ್ಕೆ ಬಿಲ್ಲು ಡಬಲ್ ಹತ್ತಿರ.

ಹಾಗಾದ್ರೆ ಯಾರಿಗೆ ಲಾಭ? ಅರ್ಹತೆಗೂ ಈಗಿನ ಬಳಕೆಗೂ ನಡುವೆ ಖಾಲಿ ಜಾಗ ಇರೋರಿಗೆ. 2022ರಲ್ಲಿ ಮನೆ ತುಂಬ ಜನ ಇದ್ರು, ಆಮೇಲೆ ಮಕ್ಕಳು ಸಿಟಿ ಸೇರಿದ್ರು, ಅರ್ಹತೆ 110 ಇದೆ, ಸುಡೋದು 70 ಅನ್ನೋ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥವರಿಗೆ ತಿಂಗಳಿಗೆ 40 ಯೂನಿಟ್ ಅಡುಗೆ ನಿಜವಾಗ್ಲೂ ಪುಕ್ಕಟೆ. ಗಂಡ ಹೆಂಡತಿ ಇಬ್ಬರೇ ಇದ್ರೆ ಅಷ್ಟರಲ್ಲಿ ಮುಕ್ಕಾಲು ಭಾಗ ಅಡುಗೆ ಮುಗಿಯುತ್ತೆ. ಅವರು ಧಾರಾಳವಾಗಿ ತರಲಿ. ಅದಕ್ಕೇ ಹೇಳಿದ್ದು, ಅಂಗಡಿಗೆ ಹೋಗೋ ಮುಂಚೆ ಬಿಲ್ಲು ತೆಗೆದು ನೋಡಿ ಅಂತ. ಒಂದು ವರ್ಷದ ಬಿಲ್ಲು ಜೋಡಿಸಿಟ್ಟು ನೋಡಿದ್ರೆ ಇನ್ನೂ ಒಳ್ಳೇದು.

ವಿಜಯನಗರದಲ್ಲಿರೋ ನಮ್ಮ ಮಗಳ ಮನೆ ಲೆಕ್ಕವೇ ಬೇರೆ. ಮೂರನೇ ಮಹಡಿ, ಬಾಡಿಗೆ ಮನೆ, ಮೂರು ಜನ. ಹೊಸ ಮನೆಗೆ ಹಳೇ ಸರಾಸರಿ ಇಲ್ಲದ್ದರಿಂದ 53 ಯೂನಿಟ್ ಮೇಲೆ ಶೇಕಡಾ 10, ಅಂದ್ರೆ 58 ಯೂನಿಟ್ ಸಿಕ್ಕಿದೆ, ಅದು ಬರೀ ಫ್ರಿಜ್ಜು, ವಾಷಿಂಗ್ ಮಿಷನ್‌ಗೇ ಮುಗಿಯುತ್ತೆ. ಆದ್ರೂ ಅವಳು ಇಂಡಕ್ಷನ್ ಬಿಡಲ್ಲ. ಬೆಳಿಗ್ಗೆ ಎಂಟಕ್ಕೆ ಮನೆ ಬಿಡೋಳು, ಒಂದು ಕಡೆ ಕುಕ್ಕರ್ ಇಟ್ಟು ಇನ್ನೊಂದು ಕಡೆ ಇಂಡಕ್ಷನ್‌ನಲ್ಲಿ ಹಾಲಿಟ್ಟು ಟೈಮರ್ ಹಾಕಿ ಸ್ನಾನಕ್ಕೆ ಹೋಗ್ತಾಳೆ. ಅದು ದುಡ್ಡಿನ ಉಳಿತಾಯ ಅಲ್ಲ, ಹೊತ್ತಿನ ಉಳಿತಾಯ. ಸಿಟಿಯವರು ಹೇಳೋದನ್ನ ಕೇಳುವಾಗ ಈ ವ್ಯತ್ಯಾಸ ತಲೇಲಿರಲಿ. ಅವರ ವೋಲ್ಟೇಜ್ ಬೇರೆ, ಅಡುಗೆ ಬೇರೆ, ಹೊತ್ತೂ ಬೇರೆ.

ಅವಳ ಹತ್ತಿರ ಇದ್ದ ಹಳೇದೊಂದನ್ನ ತಂದು ನಮ್ಮ ಮನೇಲಿ ಹದಿನೈದು ದಿನ ಇಟ್ಟು ಮೀಟರ್ ಬರ್ಕೊಂಡೆ. ಎರಡು ಲೀಟರ್ ನೀರು ಕುದಿಯೋಕೆ ಆರೇಳು ನಿಮಿಷ, ಕಾಲು ಯೂನಿಟ್‌ಗಿಂತ ಕಡಿಮೆ. ಹಾಲು, ಕಾಫಿ, ಅನ್ನ ಇಷ್ಟಕ್ಕೇ ಬಳಸಿದ್ರೆ ದಿನಕ್ಕೆ 1.3 ಯೂನಿಟ್. ಹಾಗೆ ಮಾಡಿದ್ರೆ ಸಿಲಿಂಡರ್ 35ರ ಬದಲು 55 ದಿನ ಬರುತ್ತೆ. ದುಡ್ಡಲ್ಲಿ ತಿಂಗಳಿಗೆ ಇಪ್ಪತ್ತು ರೂಪಾಯಿ ಉಳಿಯಬಹುದು, ಅದು ಹೆಸರಿಗೆ. ಬೇರೆ ಅನುಕೂಲ ಇದೆ. ಸಿಲಿಂಡರ್ ದಿಢೀರಂತ ಮುಗಿದ ದಿನ ಪಕ್ಕದ ಮನೆಗೆ ಓಡೋ ಹಾಗಿಲ್ಲ. ನಮ್ಮ ಕಡೆ ಗಾಡಿ ಬರೋದು ಯಾವಾಗ ಅಂತ ನಿಮಗೇ ಗೊತ್ತು, ತಂದ ಹುಡುಗನಿಗೆ ಮೇಲೆ ಕೊಡೋದೂ ಗೊತ್ತು.

ಮುದ್ದೆ ವಿಚಾರ ಹೇಳದೆ ಮುಂದೆ ಹೋಗಂಗಿಲ್ಲ. ದಿನಕ್ಕೆ ಎರಡು ಹೊತ್ತು ಮುದ್ದೆ ತೊಳಸೋ ಮನೆಗೆ ಇಂಡಕ್ಷನ್ ಸರಿ ಹೋಗಲ್ಲ. ಎಸರು ಕುದಿಯೋವರೆಗೆ ಚೆನ್ನಾಗೇ ಇರುತ್ತೆ, ಗ್ಯಾಸ್‌ಗಿಂತ ಬೇಗ. ಹಿಟ್ಟು ಹಾಕಿ ಕೋಲು ಹಿಡಿದು ಬಲ ಹಾಕಿದ ತಕ್ಷಣ ಪಾತ್ರೆ ಗಾಜಿನ ಮೇಲೆ ಜಾರುತ್ತೆ. ಕವೆಗೋಲು ಕೊಟ್ಟು ಒತ್ತಿ ಹಿಡಿಯೋಣ ಅಂದ್ರೆ ಆ ಗಾಜು ತಡೆಯಬೇಕಲ್ಲ. ಪಾತ್ರೆ ಎತ್ತಿದ್ರೆ ಕೀಂ ಅಂತ ಕೂಗಿ ಆಫ್ ಆಗುತ್ತೆ. ನಮ್ಮ ಮನೆಯವರು ಮೂರನೇ ದಿನಕ್ಕೆ "ಇದನ್ನ ಕೆಳಗಿಳಿಸಿ ನೆಲದ ಮೇಲೆ ತೊಳಸ್ಕೋತೀನಿ ಬಿಡಿ" ಅಂದ್ರು, ಹಾಗೇ ಮಾಡಿದ್ರು. ಇಳಿಸಿದ ಮೇಲೆ ಮತ್ತೆ ಬೇಯಿಸೋಕೆ ಮೇಲಿಡಬೇಕು, ಸೊಂಟ ನೋವಿರೋರಿಗೆ ಆಗಲ್ಲ.

ಪಾತ್ರೆ ಖರ್ಚು ಬೇರೆ. ನಮ್ಮ ಮನೆಗಳಲ್ಲಿ ಅರ್ಧಕ್ಕರ್ಧ ಅಲ್ಯೂಮಿನಿಯಂ, ಹಿಂಡಾಲಿಯಂ. ಅದ್ಯಾವುದೂ ಕಾಯಲ್ಲ. ಮಣ್ಣಿನ ಮಡಕೆ, ತಾಮ್ರ ಕೂಡ ಇಲ್ಲ. ಅಯಸ್ಕಾಂತ ತಳಕ್ಕೆ ಹಿಡೀಬೇಕು, ತಳ ಮಟ್ಟಸವಾಗಿರಬೇಕು, ಅಂಥದ್ದು ಮಾತ್ರ. ಕಬ್ಬಿಣದ ಹೆಂಚು ಮಟ್ಟಸ ಇದ್ರೆ ರೊಟ್ಟಿ ಬೇಯುತ್ತೆ, ನಡು ಮಾತ್ರ ಜಾಸ್ತಿ ಕಾಯುತ್ತೆ, ಅಂಚು ಹಸಿ. ಬದನೆಕಾಯಿ ಸುಡೋದು, ಹಪ್ಪಳ ಸುಡೋದು ಮರೆತುಬಿಡಿ. ಒಲೆ ಎರಡು ಸಾವಿರಕ್ಕೆ ಬಂತು ಅಂತ ಖುಷಿಪಟ್ಟು ಕುಕ್ಕರು, ಪಾತ್ರೆಗೆ ಇನ್ನೊಂದು ಮೂರು ಸಾವಿರ ಹಾಕೋ ಲೆಕ್ಕ ಯಾರೂ ಹೇಳಲ್ಲ. ಮನೇಲಿ ಯಾರಿಗಾದ್ರೂ ಎದೇಲಿ ಪೇಸ್‌ಮೇಕರ್ ಹಾಕಿದ್ರೆ ಡಾಕ್ಟರ್ ಕೇಳದೆ ತರಬೇಡಿ.

ಇನ್ನು ಮುಖ್ಯ ವಿಷಯ. ಇದನ್ನ ಓದಿ ಕೆಲವರಿಗೆ ಸಿಟ್ಟು ಬಂದ್ರೂ ಪರವಾಗಿಲ್ಲ.

ನಿರಂತರ ಜ್ಯೋತಿ ಯೋಜನೇಲಿ ಊರೊಳಗಿನ ಮನೆಗಳ ಲೈನ್ ಬೇರೆ, ಪಂಪ್‌ಸೆಟ್ ಲೈನ್ ಬೇರೆ ಮಾಡಿದ್ರು. ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀ ಫೇಸ್. ತೋಟದಲ್ಲಿ ಮನೆ ಕಟ್ಕೊಂಡಿರೋರಿಗೆ ಅದೇ ಲೈನಲ್ಲಿ ರಾತ್ರಿ ಹೊತ್ತು ಸಿಂಗಲ್ ಫೇಸ್ ಬರುತ್ತೆ, ದೀಪಕ್ಕೆ ಅಂತ. ಆ ಹೊತ್ತಲ್ಲೇ ಕಂಡೆನ್ಸರ್ ಹಾಕಿ ಮೋಟಾರ್ ಓಡಿಸೋರು ಇದ್ದಾರೆ. ಯಾರು ಅಂತ ನಾನು ಹೇಳೋದು ಬೇಡ. ಬೆಳೆ ಒಣಗ್ತಿರುತ್ತೆ, ಕಷ್ಟ ಅರ್ಥ ಆಗುತ್ತೆ. ಆದ್ರೆ ಒಂದು 5 ಎಚ್‌ಪಿ ಮೋಟಾರ್ ಅಂದ್ರೆ ಸುಮಾರು ಮೂರೂಮುಕ್ಕಾಲು ಕಿಲೋವ್ಯಾಟ್. ಅಂಥವು ನಾಲ್ಕು ಒಂದೇ ಫೇಸ್ ಎಳೆದ್ರೆ ಕೊನೇ ಮನೇಲಿ ಬಲ್ಬು ಕೆಂಪಗೆ ಕೂತ್ಕೊಳ್ಳುತ್ತೆ. ಅದರ ಮೇಲೆ ಇಂಡಕ್ಷನ್ ಇಟ್ರೆ ಒಂದೋ ಅದು ಎರರ್ ತೋರಿಸಿ ನಿಲ್ಲುತ್ತೆ, ಇಲ್ಲಾ ಮೋಟಾರ್‌ಗಳು ಒಟ್ಟಿಗೆ ನಿಂತಾಗ ವೋಲ್ಟೇಜ್ ಮೇಲಕ್ಕೆ ಚಿಮ್ಮಿ ಒಳಗಿನ ಬೋರ್ಡ್ ಸುಟ್ಟುಹೋಗುತ್ತೆ.

ಊರೊಳಗಿನ ಲೈನೂ ಅಷ್ಟು ಗಟ್ಟಿ ಇಲ್ಲ. ನಮ್ಮ ಬೀದಿ ಟಿಸಿ 25 ಕೆವಿಎ. ಸಂಜೆ ಏಳು ಗಂಟೆಗೆ ಹನ್ನೆರಡು ಮನೇಲಿ ಒಟ್ಟಿಗೆ 2000 ವ್ಯಾಟ್ ಒಲೆ ಹಚ್ಚಿದ್ರೆ 24 ಕಿಲೋವ್ಯಾಟ್. ಟಿಸಿ ಪೂರ್ತಿ ಅಲ್ಲಿಗೇ ಮುಗೀತು. ಫ್ರಿಜ್ಜು, ಟಿವಿ, ಫ್ಯಾನು, ಹಾಲು ಕರೆಯೋ ಮಿಷನ್, ಹುಲ್ಲು ಕತ್ತರಿಸೋ ಮಿಷನ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ನಮ್ಮ ಬೀದೀಲಿ ಇರೋದು ಮೂವತ್ತು ಮನೆ ಮೇಲೆ. ಒಬ್ಬ ಒಲೆ ತಂದ್ರೆ ಅದು ಅವನ ಮನೆ ವಿಷಯ. ಹದಿನೈದು ಜನ ತಂದ್ರೆ ಊರಿನ ವಿಷಯ. ಟಿಸಿ ಸುಟ್ಟ ದಿನ ಒಲೆ ಇಲ್ಲದವನ ಮನೇಲೂ ಕತ್ತಲೆ, ಕುಡಿಯೋ ನೀರಿನ ಮೋಟಾರೂ ಇಲ್ಲ. ಆಗ ಗ್ಯಾಸ್ ಕನೆಕ್ಷನ್ ಬಿಟ್ಟುಕೊಟ್ಟವನು ಮಕ್ಕಳಿಗೆ ಏನು ಬೇಯಿಸ್ತಾನೆ?

2023ರಲ್ಲಿ ಕೇಂದ್ರ ಸರ್ಕಾರದ ಇಇಎಸ್‌ಎಲ್ ಸಂಸ್ಥೆ ದೇಶದಲ್ಲಿ 20 ಲಕ್ಷ ಇಂಡಕ್ಷನ್ ಒಲೆ ಹಂಚೋ ಕಾರ್ಯಕ್ರಮ ಶುರು ಮಾಡಿತು. ಒಳ್ಳೇದೇ. ಗ್ಯಾಸ್‌ನ ಬಹುಪಾಲು ಹೊರದೇಶದಿಂದ ಬರೋದು, ಕರೆಂಟ್ ಇಲ್ಲೇ ಆಗೋದು. ಆದ್ರೆ ಒಲೆ ಹಂಚಿದ ಊರಿಗೆ ಅದಕ್ಕೆ ತಕ್ಕ ಟಿಸಿಯೂ ತಂತಿಯೂ ಬರಬೇಕು ಅಂತ ಕೇಳೋದು ನಮ್ಮ ಕೆಲಸ.

ಮನೆ ವೈರಿಂಗ್ ಬಗ್ಗೆ ಎರಡು ಮಾತು. ಟಿವಿ ಪ್ಲಗ್‌ಗೆ, ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಚುಚ್ಚಬೇಡಿ. 2000 ವ್ಯಾಟ್ ಅಂದ್ರೆ ಒಂಬತ್ತು ಆಂಪಿಯರ್ ಎಳೆಯುತ್ತೆ. 16 ಆಂಪಿಯರ್ ಸಾಕೆಟ್, ಮೀಟರ್ ಬೋರ್ಡಿಂದ ನೇರ ಬೇರೆ ವೈರು, ಅದಕ್ಕೊಂದು ಎಂಸಿಬಿ, ಸರಿಯಾದ ಅರ್ಥಿಂಗ್ ಬೇಕು. ಹಳೇ ಹೆಂಚಿನ ಮನೆಗಳಲ್ಲಿ ಅರ್ಥ್ ಅನ್ನೋದು ಹೆಸರಿಗೆ ಮಾತ್ರ, ಗುಂಡಿಗೆ ಇದ್ದಿಲು ಉಪ್ಪು ಹಾಕಿ ನೀರು ಬಿಟ್ಟು ಎಷ್ಟು ವರ್ಷ ಆಯ್ತು ನೋಡ್ಕೊಳ್ಳಿ. ಬಿಲ್ಲಲ್ಲಿ ಮಂಜೂರಾದ ಲೋಡ್ 1 ಕಿಲೋವ್ಯಾಟ್ ಅಂತ ಇದ್ರೆ ಹೆಚ್ಚುವರಿ ಲೋಡ್‌ಗೆ ಅರ್ಜಿ ಹಾಕಿ. ಎಲ್ಲರೂ ಕಡಿಮೆ ಲೋಡ್ ತೋರಿಸಿಕೊಂಡು ಕೂತ್ರೆ ಇಲಾಖೆ ಲೆಕ್ಕದಲ್ಲಿ ನಮ್ಮ ಬೀದಿಗೆ 25 ಕೆವಿಎ ಟಿಸಿಯೇ ಸಾಕು ಅಂತ ಆಗುತ್ತೆ.

ಹಾಗಾದ್ರೆ ಸೌದೆಗೇ ವಾಪಸ್ ಹೋಗೋಣ ಅಂತ ಒಬ್ಬರು ಹೇಳಿದ್ರು. ಹಂಡೆ ನೀರಿಗೆ, ಹಸುಗೆ ಹುರುಳಿ ಬೇಯಿಸೋಕೆ ಇರಲಿ, ತೆಂಗಿನ ಗರಿ, ಹಿಪ್ಪುನೇರಳೆ ಕಡ್ಡಿ ಹೇಗೂ ತೋಟದಲ್ಲಿ ಬೀಳುತ್ತೆ. ಅಡುಗೆಮನೆ ಒಳಗೆ ಬೇಡ. ಹೊಗೆ ಕುಡಿಯೋದು ಹೇಳೋರಲ್ಲ, ಅವರ ಮನೆ ಹೆಣ್ಣುಮಕ್ಕಳು. ನಮ್ಮ ತಾಯಿ ಕಾಲದಲ್ಲಿ ಅಸ್ತ್ರ ಒಲೆ ಬಂದಿತ್ತು, ನೆನಪಿರೋರು ಇರಬಹುದು. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಶುರು ಮಾಡಿದ ಅಸ್ತ್ರ ವಿಭಾಗದವರು ಮಾಡಿದ್ದು, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರದ್ದೊಂದು ಕೇಂದ್ರವೂ ಇತ್ತು. ಮೂರು ಪಾತ್ರೆ ಕೂರೋ ಒಲೆ, ಹೊಗೆ ಕೊಳವೆ, ಸೌದೆ ಅರ್ಧಕ್ಕಿಳೀತು, ಗೋಡೆ ಕಪ್ಪಾಗಲಿಲ್ಲ. ಆದ್ರೆ ಸೌದೆ ಸಣ್ಣಗೆ ಸೀಳಬೇಕಿತ್ತು, ಕೊಳವೆ ಮಸಿ ತೆಗೀತಾ ಇರಬೇಕಿತ್ತು. ಆ ಕೆಲಸಕ್ಕೆ ಗಂಡಸರು ಕೈ ಹಾಕಿದ ಮನೇಲಿ ಒಲೆ ವರ್ಷಗಟ್ಟಲೆ ನಡೀತು. ಹಾಕದ ಮನೇಲಿ ಒಡೆದು ಹಳೇ ಮೂರು ಕಲ್ಲೇ ಬಂತು. ಇಂಡಕ್ಷನ್ ತರೋ ವಿಷಯದಲ್ಲೂ ಅಡುಗೆ ಮಾಡೋರನ್ನ ಕೇಳಿ ತನ್ನಿ ಮಾರಾಯ್ರೆ, ಡೇರಿ ಹತ್ತಿರ ನಾವು ನಾವೇ ತೀರ್ಮಾನ ಮಾಡೋದಲ್ಲ.

ನಾಲ್ಕೈದು ರಾಸು ಇರೋರು ಗೋಬರ್ ಗ್ಯಾಸ್ ಬಗ್ಗೆ ಯೋಚಿಸಿ. ದಿನಕ್ಕೆ 50 ಕೆಜಿ ಸಗಣಿ ಇದ್ರೆ 2 ಘನ ಮೀಟರ್ ಘಟಕ ನಡೆಯುತ್ತೆ, ನಾಲ್ಕೈದು ಜನರ ಅಡುಗೆಗೆ ಸಾಕು, ಮುದ್ದೇನೂ ಆಗುತ್ತೆ, ಬಗ್ಗಡ ತೋಟಕ್ಕೆ. ಅದರ ಬಗ್ಗೆ ಬೇರೆ ಬರೀತೀನಿ.

ನಮ್ಮ ಮನೇಲಿ ಕೊನೆಗೆ ಆಗಿದ್ದು ಇಷ್ಟು: ಗ್ಯಾಸ್ ಇದ್ದಲ್ಲೇ ಇದೆ, ಇಂಡಕ್ಷನ್ ಹಾಲು, ಕಾಫಿ, ಅನ್ನಕ್ಕೆ, ಅದೂ ಸಂಜೆ ಆರೂವರೆಯಿಂದ ಎಂಟೂವರೆ ಬಿಟ್ಟು. ಪ್ರತಿ ಹತ್ತು ದಿನಕ್ಕೆ ಮೀಟರ್ ಬರ್ಕೋತಿದ್ದೀನಿ.

25 ಕೆವಿಎ ಬದಲು 63 ಕೆವಿಎ ಟಿಸಿ ಕೇಳಿ ಅರ್ಜಿ ಬರೆದಿಟ್ಟಿದ್ದೀನಿ. ನಮ್ಮ ಬೀದಿಯವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅರಳಿಕಟ್ಟೆ ಹತ್ತಿರ ಬನ್ನಿ, ಸಹಿ ಬೇಕು. ಬರುವಾಗ ಆರ್‌ಆರ್ ನಂಬರ್ ಇರೋ ಈ ತಿಂಗಳ ಬಿಲ್ಲು ತನ್ನಿ, ಯಾರಿಗೆ ಎಷ್ಟು ಯೂನಿಟ್ ಖಾಲಿ ಇದೆ ಅನ್ನೋದನ್ನೂ ಅಲ್ಲೇ ನೋಡಿ ಹೇಳ್ತೀನಿ.